ಸಿಂಕ್ ಕಟ್ಟಿದರೆ ಮೊದಲು ಏನು ಕಟ್ಟಿದೆ ನೋಡಿ

ಬಾಗಲಕೋಟೆಗೆ ಹೊಸದಾಗಿ ಬಂದು ನವನಗರದಲ್ಲಿ ಮನೆ ಹಿಡಿದವರು ಸಂಘದಲ್ಲಿ ಕೇಳುವ ಪ್ರಶ್ನೆಗಳಲ್ಲಿ ಗ್ಯಾಸ್, ಶಾಲೆ ಆದ ಮೇಲೆ ಸಿಂಕಿನ ಮಾತು ಬಂದೇ ಬರುತ್ತದೆ. ಅಡುಗೆ ಸೋಡಾ ಹಾಕಿ ವಿನೆಗರ್ ಸುರಿದೆವು, ಬುಸ್ ಅಂತ ನೊರೆ ಬಂತು, ಆದರೂ ನೀರು ಇಳಿಯುತ್ತಿಲ್ಲ ಅಂತಾರೆ. ಇಳಿಯುವುದಿಲ್ಲ. ಸೋಡಾ ಕ್ಷಾರ, ವಿನೆಗರ್ ಆಮ್ಲ, ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ಕಾರ್ಬನ್ ಡೈಆಕ್ಸೈಡ್ ಮೇಲಕ್ಕೆ ಹೋಗುತ್ತದೆ, ಪೈಪಿನಲ್ಲಿ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಉಪ್ಪು ಕರಗಿದ ನೀರು. ಅದರಿಂದ ಜಿಡ್ಡು ಹೋಗಲ್ಲ.

ನಮ್ಮೂರಲ್ಲಿ ಸಿಂಕ್ ಕಟ್ಟುವುದು ಹೆಚ್ಚಾಗಿ ಜೋಳದ ಹಿಟ್ಟಿನಿಂದ. ರೊಟ್ಟಿಗೆ ಎಸರು ಹಾಕಿ ನಾದುವುದು ಯಾಕೆ ಹೇಳಿ? ಜೋಳದಲ್ಲಿ ಗೋಧಿಯ ಹಾಗೆ ಅಂಟಿಲ್ಲ, ಸುಮಾರು 70 ಡಿಗ್ರಿ ಕಾವಿಗೆ ಅದರ ಪಿಷ್ಟ ನೀರು ಕುಡಿದು ಹಿಗ್ಗಿ ಅಂಟಾಗುತ್ತದೆ. ಪರಾತ ತೊಳೆದ ಹಿಟ್ಟು ಪೈಪಿನಲ್ಲಿ ಕೂತಿರುವಾಗ ನೀವು ಕುದಿನೀರು ಸುರಿದರೆ ಅಲ್ಲೂ ಅದೇ ಆಗುತ್ತದೆ, ಅಲ್ವಾ? ಹಿಟ್ಟಿಗೆ ತಣ್ಣೀರೇ ಸರಿ, ಜೊತೆಗೆ ರಬ್ಬರ್ ಪಂಪು. ಪರಾತವನ್ನು ಮೊದಲು ಒಣಗಿದ್ದಾಗಲೇ ಕೆರೆದು ಕಸಕ್ಕೆ ಹಾಕಿದರೆ ಇದ್ಯಾವುದೂ ಬೇಡ.

ಎಣ್ಣೆ ಜಿಡ್ಡಿಗಾದರೆ ಅಡುಗೆ ಸೋಡಾ ಸಾಲದು, ಕಿರಾಣಿ ಅಂಗಡಿಯ ಬಟ್ಟೆ ಸೋಡಾ ತನ್ನಿ. ಅದು ಜಾಸ್ತಿ ಖಾರದ ಕ್ಷಾರ. ಹಳೇ ಜಿಡ್ಡಿನಲ್ಲಿರುವ ಕೊಬ್ಬಿನ ಆಮ್ಲಗಳನ್ನು ಸಾಬೂನು ಮಾಡುತ್ತದೆ, ಆಮೇಲೆ ಅವು ನೀರಿನ ಜೊತೆ ಹೋಗುತ್ತವೆ. ಒಂದು ಮುಷ್ಟಿ ಹಾಕಿ, ಬಿಸಿನೀರು ಬಿಡಿ, ಅರ್ಧ ಗಂಟೆ ಸುಮ್ನೆ ಇರಿ. ಕುದಿಯುವ ನೀರು ಬೇಡ, ಪಿವಿಸಿ ಪೈಪು 80 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಬಟ್ಟೆ ಸೋಡಾ ಕೈಗೆ ಮಾತ್ರ ತಾಗಿಸಬೇಡಿ.

ಬಚ್ಚಲಿನ ಕಥೆ ಬೇರೆ. ಇಲ್ಲಿನ ನೆಲದಲ್ಲಿ ಸುಣ್ಣದ ಕಲ್ಲು, ಸಿಮೆಂಟ್ ಕಾರ್ಖಾನೆ ಬಂದದ್ದೂ ಅದಕ್ಕೇ. ಬೋರ್ ನೀರಿನ ಕ್ಯಾಲ್ಸಿಯಂ ಸಾಬೂನಿನ ಜೊತೆ ಸೇರಿ ಕರಗದ ಬಿಳಿ ಗಸಿಯಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಕೂದಲು ಸೋಡಾಕ್ಕೂ ಕರಗಲ್ಲ, ವಿನೆಗರಿಗೂ ಕರಗಲ್ಲ. ತಂತಿ ಬಗ್ಗಿಸಿ ಕೊಕ್ಕೆ ಮಾಡಿ ಎಳೆಯಿರಿ. ಜಾಲರಿಯ ಮೇಲಿನ ಗಟ್ಟಿ ಬಿಳಿ ಪೊರೆಗೆ ಮಾತ್ರ ವಿನೆಗರ್ ಒಳ್ಳೆಯದು, ಸೋಡಾ ಬೆರೆಸದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇವೆ. ಬ್ಲೀಚಿಂಗ್ ಪುಡಿ ಹಾಕಿದ ಕಡೆ ಟಾಯ್ಲೆಟ್ ಆಸಿಡ್ ಸುರಿಯಬೇಡಿ, ವಿನೆಗರ್ ಕೂಡ ಬೇಡ. ಕ್ಲೋರಿನ್ ಅನಿಲ ಬರುತ್ತದೆ, ಕಿಟಕಿ ಇಲ್ಲದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಅಂಗಡಿಯ ಡ್ರೇನ್ ಪುಡಿಗಳಲ್ಲಿ ಚರ್ಮ ಸುಡುವ ಕಾಸ್ಟಿಕ್ ಸೋಡಾ ಇರುತ್ತದೆ, ಕೆಲವದರಲ್ಲಿ ಅಲ್ಯೂಮಿನಿಯಂ ಚೂರೂ ಇರುತ್ತದೆ, ನೀರು ಬಿದ್ದರೆ ಕೊತಕೊತ ಕಾಯುತ್ತದೆ. ಅದನ್ನು ಹಾಕಿಯೂ ನೀರು ಇಳಿಯದೆ ಪ್ಲಂಬರನ್ನು ಕರೆದರೆ, ಅವನು ಸಿಂಕಿನ ಕೆಳಗೆ ನೀರು ನಿಲ್ಲುವ ಬಾಗಿದ ಪೈಪು, ಅಂದರೆ ಟ್ರ್ಯಾಪ್ ಬಿಚ್ಚುವ ಮೊದಲೇ ಏನು ಹಾಕಿದ್ದೀರಿ ಅಂತ ಹೇಳಿಬಿಡಿ.