ರೀಲ್ ಇಲ್ಲದ ಕೋಲು: ಗುಜೊ ತೊರೆಗಳಲ್ಲಿ ನನ್ನ ತೆಂಕರಾ

ವಿಡಿಯೊ ಕಾಲ್‌ನಲ್ಲಿ ಕೋಲು ತೋರಿಸಿದಾಗ ತೀರ್ಥಹಳ್ಳಿಯ ಚಿಕ್ಕಪ್ಪ ಕೇಳಿದ್ದು ಒಂದೇ: "ಅಲ್ಲಾ ಮಾರಾಯ, ರೀಲೂ ಇಲ್ಲ, ಎಂಥದೂ ಇಲ್ಲ. ನಮ್ಮ ವಾಟೆ ಕೋಲಿಗೆ ಎಂಟು ಸಾವಿರ ರೂಪಾಯಿ ಕೊಟ್ಟೆಯಾ?"

ಅವರು ಹೇಳಿದ್ದು ಪೂರ್ತಿ ತಪ್ಪೇನಲ್ಲ. ತೆಂಕರಾ ಅಂದರೆ ಜಪಾನಿನ ಬೆಟ್ಟದ ತೊರೆಗಳಲ್ಲಿ ಮೀನು ಹಿಡಿಯುವ ಹಳೆಯ ಪದ್ಧತಿ. ಒಂದು ಕೋಲು, ಅದರ ತುದಿಗೆ ಕಟ್ಟಿದ ದಾರ, ದಾರದ ಕೊನೆಗೆ ಹುಳದಂತೆ ಕಾಣಲು ಗರಿ ಸುತ್ತಿದ ಗಾಳ. ದಾರ ಸುತ್ತಿಡುವ ರಾಟೆ, ಅಂದರೆ ರೀಲ್ ಬೇಡ, ಎರೆಹುಳ ಬೇಡ, ಬೆಂಡು ಬೇಡ, ಸೀಸದ ಗುಂಡೂ ಬೇಡ. ಹಿಂದೆ ಮೀನು ಹಿಡಿದು ಬೆಟ್ಟದ ವಸತಿಗೃಹಗಳಿಗೆ ಮಾರಿ ಬದುಕುತ್ತಿದ್ದವರು ಬಿದಿರ ಕೋಲಿಗೆ ಕುದುರೆ ಬಾಲದ ಕೂದಲು ಹೊಸೆದ ದಾರ ಕಟ್ಟುತ್ತಿದ್ದರು. ಈಗಿನದು ಕಾರ್ಬನ್ ಫೈಬರ್ ಕೋಲು. ಅದರ ಕೊಳವೆಯಂಥ ತುಂಡುಗಳು ಒಂದರೊಳಗೊಂದು ಸೇರಿಕೊಂಡು ಕೋಲು ಮೊಳದುದ್ದಕ್ಕೆ ಮಡಚಿಕೊಳ್ಳುತ್ತದೆ.

ನಾನಿರುವುದು ನಗೋಯಾದಲ್ಲಿ. ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ ಉತ್ತರಕ್ಕೆ ಹೋದರೆ ಗಿಫು ಪ್ರಾಂತದ ಗುಜೊ. ಅಲ್ಲಿ ನಗರಾಗಾವಾ ನದಿಗೆ ಬಂದು ಸೇರುವ ತೊರೆಗಳಲ್ಲಿ ಅಮಾಗೊ ಎಂಬ ಮೀನಿದೆ. ಬೆಳ್ಳಿ ಮೈ ಮೇಲೆ ಕುಂಕುಮ ಚಿಮುಕಿಸಿದಂಥ ಚುಕ್ಕಿ. ಇನ್ನೂ ಮೇಲೆ, ನೀರು ಕೊರೆಯುವಷ್ಟು ತಣ್ಣಗಿರುವಲ್ಲಿ, ಬಿಳಿ ಚುಕ್ಕಿಯ ಇವಾನಾ.

ಮೊದಲ ಕೋಲು ಕೊಳ್ಳುವಾಗ ಎಡವಿದೆ. ಅಮೆರಿಕದ ಅಗಲ ಹೊಳೆಗಳಲ್ಲಿ ಹಿಡಿಯುವವರು ಬರೆದದ್ದನ್ನು ಓದಿ, ಉದ್ದ ಇದ್ದಷ್ಟೂ ಒಳ್ಳೆಯದು ಅಂದುಕೊಂಡು, ನಾಲ್ಕೂವರೆ ಮೀಟರಿನ ಬಿರುಸು ಕೋಲು ತಂದೆ. ಗುಜೊದ ತೊರೆಗಳೋ, ನಮ್ಮ ಕಾನಿನ ಹಳ್ಳಗಳ ಹಾಗೆ. ಎರಡೂ ದಡದಿಂದ ಸುಗಿ ಎಂಬ ಜಪಾನಿ ದೇವದಾರು ಮರಗಳು ಬಾಗಿ ಮೇಲೆ ಚಪ್ಪರ ಹಾಕಿರುತ್ತವೆ. ಬೀಸಿದಾಗಲೆಲ್ಲ ಗಾಳ ಮರಕ್ಕೇ. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಸೋತು ಹೋಯಿತು. ಕೋಲಿನ ತೂಕ ನೂರು ಗ್ರಾಮಿಗೂ ಕಡಿಮೆ, ಆದರೆ ಆ ತೂಕ ಎಲ್ಲಿದೆ ಅನ್ನುವುದೇ ಮುಖ್ಯ. ತುದಿಯ ಕಡೆಗೆ ಭಾರ ಇದ್ದರೆ ದಿನವಿಡೀ ಚೊಂಬು ತುಂಬಿ ಕೈ ಚಾಚಿ ಹಿಡಿದುಕೊಂಡ ಹಾಗೆ.

ಎರಡನೆಯ ಸಲ ಅಂಗಡಿಗೆ ಹೋದಾಗ ಅಲ್ಲಿನ ಅಜ್ಜ ಯಾವ ಮೀನು ಅಂತ ಕೇಳಲೇ ಇಲ್ಲ. "ಯಾವ ತೊರೆ? ತಲೆ ಮೇಲೆ ಆಕಾಶ ಕಾಣುತ್ತದೋ, ಎಲೆ ಕಾಣುತ್ತದೋ?" ಎಲೆ ಅಂದೆ. 3.6 ಮೀಟರಿನದೊಂದು ಕೋಲು ತೆಗೆದು ಕೈಗಿಟ್ಟರು. 6:4 ಅಂತ ಬರೆದಿತ್ತು. ಕೋಲನ್ನು ಹತ್ತು ಪಾಲು ಮಾಡಿದರೆ ಬುಡದ ಆರು ಪಾಲು ಬಿಗಿ, ತುದಿಯ ನಾಲ್ಕು ಪಾಲು ಬಾಗುತ್ತದೆ ಎಂದು ಅದರ ಲೆಕ್ಕ. 5:5 ಇನ್ನೂ ಮೆದು, 7:3 ಮತ್ತು 8:2 ಬಿರುಸು. ಈ ಅಂಕಿಗಳು ಕಂಪನಿಯಿಂದ ಕಂಪನಿಗೆ ಒಂದೇ ಥರ ಇರುವುದಿಲ್ಲ. ಒಬ್ಬರ 6:4 ಇನ್ನೊಬ್ಬರ 7:3ರಷ್ಟು ಬಿಗಿ ಇರಬಹುದು. ಹಾಗಾಗಿ ಅಂಗಡಿಯಲ್ಲೇ ಕೋಲು ಪೂರ್ತಿ ಎಳೆದು, ಬರಿದೇ ನಾಲ್ಕು ಸಲ ಬೀಸಿ, ನಿಲ್ಲಿಸಿದ ಮೇಲೆ ತುದಿ ಎಷ್ಟು ಹೊತ್ತು ನಡುಗುತ್ತದೆ ಎಂದು ನೋಡಿ. ತಟ್ಟನೆ ನಿಂತರೆ ಒಳ್ಳೆಯ ಕೋಲು. ಅಲ್ಲಾಡುತ್ತಲೇ ಇದ್ದರೆ ದಾರವೂ ಹಾವಿನಂತೆ ಹೊರಳುತ್ತ ಹೋಗಿ ಬೀಳುತ್ತದೆ.

ಮೆದು ಕೋಲು ಯಾಕೆ ಬೇಕು ಅಂದರೆ, ಎಸೆಯುವುದು ಗಾಳದ ತೂಕವನ್ನಲ್ಲ. ಗರಿ ಸುತ್ತಿದ ಗಾಳಕ್ಕೆ ತೂಕವೇ ಇಲ್ಲ. ದಾರದ ಅಲ್ಪ ತೂಕಕ್ಕೆ ಕೋಲು ಬಾಗಬೇಕು, ಆ ಬಾಗು ಬಿಚ್ಚಿಕೊಳ್ಳುವಾಗ ದಾರವನ್ನು ಮುಂದಕ್ಕೆ ಒಯ್ಯಬೇಕು. ನಾನು ಕಟ್ಟುವುದು 3.5 ನಂಬರಿನ (ನಂಬರ್ ಹೆಚ್ಚಿದಷ್ಟೂ ದಾರ ದಪ್ಪ) ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ಕಿನ ದಾರ, ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ್ದು. ಕೋಲಿನಷ್ಟೇ ಉದ್ದ. ಅದರ ಮುಂದೆ ಒಂದು ಮೀಟರ್ ಬಣ್ಣವಿಲ್ಲದ ತೆಳು ದಾರ, ಅಂದರೆ ಟಿಪ್ಪೆಟ್. ಗಾಳಿ ಇದ್ದ ದಿನ 4 ನಂಬರ್. ನೈಲಾನಿಗಿಂತ ಫ್ಲೋರೋಕಾರ್ಬನ್ ಒತ್ತಾಗಿರುವುದರಿಂದ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ.

ಬೀಸುವುದು ತೋಳಿನಿಂದಲ್ಲ. ತೋರುಬೆರಳನ್ನು ಹಿಡಿಯ ಮೇಲೆ ಚಾಚಿ ಇಟ್ಟುಕೊಂಡು, ಕೋಲನ್ನು ಗಡಿಯಾರದ ಹನ್ನೆರಡರ ತನಕ ಹಿಂದಕ್ಕೆ ಎತ್ತಿ ಗಕ್ಕನೆ ನಿಲ್ಲಿಸಬೇಕು. ದಾರ ಹಿಂದೆ ಬಿಚ್ಚಿಕೊಳ್ಳಲು ಒಂದು ಕ್ಷಣ. ಆಮೇಲೆ ಮುಂದೆ ಹತ್ತಕ್ಕೆ ತಂದು ಮತ್ತೆ ನಿಲುಗಡೆ. ಆ ಒಂದು ಕ್ಷಣ ಕಾಯುವುದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಹಿಂದೆ ಎರಡು ಗಂಟೆಯ ತನಕ ಬಾಗಿಸಿದಿರೋ, ಬೆನ್ನ ಹಿಂದಿನ ಪೊದೆಯೇ ನಿಮ್ಮ ಮೀನು.

ಗಾಳ ಬಿದ್ದ ಮೇಲಿನ ಕೆಲಸಕ್ಕೇ ಈ ಕೋಲು ಹುಟ್ಟಿದ್ದು. ಒಂದು ಬಂಡೆ, ಅದರ ಈಚೆ ಓಡುವ ನೀರು, ಆಚೆ ನಿಂತ ಹಾಗಿರುವ ಪುಟ್ಟ ಗುಂಡಿ. ಮೀನಿರುವುದು ಆಚೆಯದರಲ್ಲಿ. ದಾರ ಈಚೆಯ ಓಟದ ಮೇಲೆ ಬಿದ್ದರೆ ನೀರು ಅದನ್ನು ಎಳೆದೊಯ್ಯುತ್ತದೆ, ಗಾಳವೂ ಹಿಂದೆಯೇ ಓಡುತ್ತದೆ. ಹುಳ ಹಾಗೆ ಓಡುವುದಿಲ್ಲ ಅನ್ನುವುದು ಮೀನಿಗೆ ಗೊತ್ತು. ಅದಕ್ಕೇ ಕೋಲಿನ ತುದಿ ಎತ್ತಿ, ಕಿತ್ತಳೆ ದಾರವಷ್ಟನ್ನೂ ಗಾಳಿಯಲ್ಲೇ ಹಿಡಿದು, ಗಾಳ ಮತ್ತು ಟಿಪ್ಪೆಟ್ಟಿನ ಕೊನೆಯ ಗೇಣನ್ನಷ್ಟೇ ನೀರಿಗೆ ಬಿಡುತ್ತೇನೆ. ಮೂರು ಎಣಿಸುವಷ್ಟು ಹೊತ್ತು. ದಾರ ಸ್ವಲ್ಪ ತಡವರಿಸಿದ ಹಾಗೆ ಕಂಡರೆ ಮಣಿಕಟ್ಟು ಮೇಲೆ. ಕೈಗೆ ಜಗ್ಗಿದ್ದು ಗೊತ್ತಾಗುವ ತನಕ ಕಾದರೆ ಅಮಾಗೊ ಆಗಲೇ ಉಗುಳಿರುತ್ತದೆ.

ಗರಿ ಸುತ್ತಿದ ಈ ಗಾಳಕ್ಕೆ ಇಲ್ಲಿ ಕೆಬರಿ ಅನ್ನುತ್ತಾರೆ. ನಾನು ಬಳಸುವ ಸಕಾಸಾ ಕೆಬರಿಯಲ್ಲಿ ಗರಿ ಮುಂದಕ್ಕೆ ಬಾಗಿರುತ್ತದೆ. ನೀರಲ್ಲಿ ಮೆಲ್ಲಗೆ ಜಗ್ಗಿ ಬಿಟ್ಟರೆ ಉಸಿರಾಡುವಂತೆ ಮುಚ್ಚಿ ತೆರೆಯುತ್ತದೆ. ತೆಂಕರಾವನ್ನು ಹೊರದೇಶಗಳಿಗೆ ಪರಿಚಯಿಸಿದವರಲ್ಲಿ ಒಬ್ಬರಾದ ಡಾ. ಹಿಸಾವೊ ಇಶಿಗಾಕಿ ಒಂದೇ ಮಾದರಿಯ ಕೆಬರಿಯಲ್ಲಿ ಮೀನು ಹಿಡಿಯುವುದಕ್ಕೆ ಹೆಸರಾದವರು. ನನ್ನ ಡಬ್ಬಿಯಲ್ಲಿ ಮೂರು ಬಗೆ ಇವೆ, ಚಪಲ. ಗಾಳದ ಹಿಮ್ಮುಳ್ಳನ್ನು ಮಾತ್ರ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳುತ್ತೇನೆ, ಮೀನನ್ನು ನೀರಿನಲ್ಲೇ ಬಿಡಿಸಿ ಕಳಿಸಲು ಸಲೀಸು.

ಇನ್ನು ಕೋಲು ಮುರಿಯುವ ವಿಷಯ. ಮೀನು ಜಗ್ಗಿ ಮುರಿದದ್ದು ನಾನಂತೂ ಕಂಡಿಲ್ಲ. ನನ್ನದು ಮುರಿದದ್ದು ಮರದಿಂದ. ಕೆಬರಿ ಕೊಂಬೆಗೆ ಸಿಕ್ಕಿಕೊಂಡಿತು, ಸಿಟ್ಟಿನಿಂದ ಕೋಲು ಎಳೆದೆ, ತುದಿಯಿಂದ ಎರಡನೆಯ ತುಂಡು ಟಕ್ ಅಂತು. ಹೊಸ ತುಂಡು ತರಿಸಲು ಎರಡು ವಾರ, ಅದೂ ಹಂಗಾಮು ಜೋರಾಗಿರುವ ಮೇ ತಿಂಗಳಲ್ಲಿ! ಈಗ ಸಿಕ್ಕಿಕೊಂಡರೆ ಕೋಲು ಮಡಚಿ, ದಾರವನ್ನೇ ಕೈಗೆ ತೆಗೆದುಕೊಂಡು ನೇರ ಎಳೆಯುತ್ತೇನೆ. ಟಿಪ್ಪೆಟ್ ಹರಿಯುತ್ತದೆ, ಹೋಗಲಿ. ಅದು ದಾರಕ್ಕಿಂತ ತೆಳುವಾಗಿರುವುದೇ ಮೊದಲು ಹರಿಯಲಿ ಅಂತ.

ಬಿಚ್ಚುವುದಕ್ಕೂ ಮಡಚುವುದಕ್ಕೂ ಕ್ರಮ ಇದೆ. ಕೋಲಿನ ತುದಿಗೆ ಲಿಲಿಯನ್ ಎಂಬ ಕೆಂಪು ನೂಲಿನ ತುಣುಕು ಅಂಟಿಸಿರುತ್ತದೆ. ಅದಷ್ಟನ್ನೇ ಹೊರಗೆಳೆದು, ದಾರದ ಕುಣಿಕೆ ಹಾಕಿ ಬಿಗಿದು, ಆಮೇಲೆ ತೆಳು ತುಂಡಿನಿಂದ ಶುರು ಮಾಡಿ ಒಂದೊಂದಾಗಿ ಎಳೆಯಬೇಕು. ಮಡಚುವಾಗ ತಿರುಗುಮುರುಗು: ಬುಡದ ದಪ್ಪ ತುಂಡು ಮೊದಲು. ಕೀಲಿನ ಹತ್ತಿರವೇ ಹಿಡಿದು ನೇರ ಒಳಕ್ಕೆ ತಳ್ಳಿ. ಓರೆಯಾದರೆ ತೆಳು ಕೊಳವೆ ಸೀಳುತ್ತದೆ. ಗುಡುಗು ಕೇಳಿದರೆ ಮೀನು ಬಿಟ್ಟು ಕೋಲು ಮಡಚಿ. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ಹಳ್ಳಿಯ ಸೇತುವೆಗಳ ಬಳಿ ವಿದ್ಯುತ್ ತಂತಿ ತಗ್ಗಿ ಬಂದಿರುವುದನ್ನೂ ನೋಡಿಕೊಳ್ಳಿ.

ಮೀನುಗಾರರ ಸಹಕಾರ ಸಂಘದ ಪರವಾನಗಿ ಚೀಟಿ ಇಲ್ಲದೆ ಇಲ್ಲಿ ಮೀನು ಹಿಡಿಯುವಂತಿಲ್ಲ. ಸದ್ದು ಕೇಳಿ ಕರಡಿ ದೂರ ಹೋಗಲೆಂದು ಸೊಂಟಕ್ಕೆ ಗಂಟೆ ಕಟ್ಟಿಕೊಳ್ಳುತ್ತೇನೆ. ಸೆಪ್ಟೆಂಬರ್ ಕಳೆದರೆ ಹಂಗಾಮು ಮುಗಿಯಿತು. ಶರತ್ಕಾಲ ಅವು ಮೊಟ್ಟೆ ಇಡುವ ಕಾಲ.

ಮನೆಗೆ ಬಂದ ಮೇಲೆ ಬುಡದ ತಿರುಪು ಮುಚ್ಚಳ ತೆಗೆದು, ತುಂಡುಗಳನ್ನೆಲ್ಲ ಹೊರಗೆ ಜಾರಿಸಿ, ಬಟ್ಟೆಯಲ್ಲಿ ಒರೆಸಿ ರಾತ್ರಿಯೆಲ್ಲ ಒಣಗಲು ಬಿಡುತ್ತೇನೆ. ಒದ್ದೆಯಲ್ಲೇ ಮಡಚಿಟ್ಟರೆ ಕೀಲು ಕಚ್ಚಿಕೊಳ್ಳುತ್ತದೆ, ಬಣ್ಣದ ಪದರ ಗುಳ್ಳೆ ಏಳುತ್ತದೆ. ನಮ್ಮ ಬಾಲ್ಕನಿಯೋ ಎರಡು ಹೆಜ್ಜೆ ಅಗಲ. ಭಾನುವಾರ ರಾತ್ರಿ ಅಲ್ಲಿ ಕೋಲಿನ ತುಂಡು ಒಣಗಬೇಕೋ, ಮಗನ ಶಾಲೆ ಸಮವಸ್ತ್ರ ಒಣಗಬೇಕೋ ಎಂಬ ತಕರಾರು ಇನ್ನೂ ಇತ್ಯರ್ಥವಾಗಿಲ್ಲ.