ಮುದ್ದೆ ಸಣ್ಣದಾಯಿತು, ಪಲ್ಯ ದೊಡ್ಡದಾಯಿತು

ಮೂರು ವರ್ಷದ ಹಿಂದೆ ನನ್ನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 8.6 ಬಂದಿತ್ತು. ಡಾಕ್ಟರು ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಎಂಬ ಎರಡು ಶುಗರ್ ಮಾತ್ರೆ ಬರೆದರು. ನಾನು ಅವತ್ತೇ ಅನ್ನ ಬಿಟ್ಟೆ. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ರಾತ್ರಿ ಮುದ್ದೆ. ಶುಗರ್‌ಗೆ ರಾಗಿ ಒಳ್ಳೇದು ಅಂತ ತುಮಕೂರು ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ, ಅಲ್ವಾ?

ಮಗಳು ಗ್ಲುಕೋಮೀಟರ್ ತಂದುಕೊಟ್ಟಳು. ಗಂಜಿ ಕುಡಿದು ಎರಡು ಗಂಟೆ ಬಿಟ್ಟು ನೋಡಿದರೆ 238! ಮತ್ತೆ ಚುಚ್ಚಿ ನೋಡಿದೆ, ಅಷ್ಟೇ. ರಾಗಿಯಲ್ಲಿ ನಾರು, ಸುಣ್ಣದಂಶ ಜಾಸ್ತಿ ನಿಜ. ಆದರೆ ಪಿಷ್ಟ ಹೆಚ್ಚುಕಡಿಮೆ ಅಕ್ಕಿಯಷ್ಟೇ ಇದೆ. ಅದನ್ನು ನುಣ್ಣಗೆ ಬೀಸಿ ತೆಳ್ಳಗೆ ಕುದಿಸಿ ಕುಡಿದರೆ ಹೊಟ್ಟೆಗೆ ಕೆಲಸವೇ ಇಲ್ಲ, ಸಕ್ಕರೆ ಸರ್ರನೆ ಏರುತ್ತದೆ.

ಗಂಜಿ ಬಿಟ್ಟು ಬೆಳಿಗ್ಗೆ ಹೆಸರುಕಾಳಿನ ದೋಸೆಗೆ ಬಂದೆ. ಮುದ್ದೆಯನ್ನು ಬಿಡಲಿಲ್ಲ, ಒಂದು ಕಿತ್ತಳೆ ಗಾತ್ರಕ್ಕೆ ಇಳಿಸಿದೆ. ಬದಲಾಗಿದ್ದು ಬಸ್ಸಾರಿನ ಲೆಕ್ಕ. ಮೊದಲೆಲ್ಲ ಮುದ್ದೆ, ಸಾರೇ ಊಟ. ಬಸಿದ ಸೊಪ್ಪು ಕಾಳಿನ ಪಲ್ಯ ತಟ್ಟೆಯ ಮೂಲೆಯಲ್ಲಿ ಒಂದು ಚಮಚ. ಈಗ ಪಲ್ಯ ಬಟ್ಟಲು ತುಂಬ. ಹುರುಳಿ, ಅಲಸಂದೆ, ಕಡಲೆ, ಜೊತೆಗೆ ದಂಟು ಅಥವಾ ಸಬ್ಬಸಿಗೆ. ಅದನ್ನು ಮೊದಲು ಅಗಿದು ತಿಂದು ಮುಗಿಸುತ್ತೇನೆ, ಆಮೇಲೆ ಮುದ್ದೆ. ನಮ್ಮಲ್ಲಿ ಮುದ್ದೆ ನುಂಗುವುದು ತಾನೇ? ಅಗಿಯುವ ಪದಾರ್ಥ ಮೊದಲು ಹೋದರೆ ಹೊಟ್ಟೆ ಬೇಗ ತುಂಬುತ್ತದೆ, ಸಕ್ಕರೆಯೂ ನಿಧಾನ ಏರುತ್ತದೆ. ಈ ಊಟ ಮಾಡಿ ಎರಡು ಗಂಟೆಗೆ ನೋಡಿದಾಗ ನನಗೆ 160ರ ಆಸುಪಾಸು ಬರತೊಡಗಿತು.

ಮೆಂತ್ಯವೂ ಇದೆ. ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಲೋಳೆ ಬಿಟ್ಟಿರುತ್ತದೆ. ಹೆಚ್ಚಾಗಿ ಕೆಲಸ ಮಾಡುವುದು ಆ ಲೋಳೆಯ ನಾರು. ಅರ್ಧ ಚಮಚದಿಂದ ಶುರು ಮಾಡಿ, ಒಮ್ಮೆಲೇ ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ.

ಹಾಗಲಕಾಯಿ ವಿಷಯದಲ್ಲಿ ಮಾತ್ರ ನಾನು ತಪ್ಪು ಮಾಡಿದೆ. ಡಾಕ್ಟರಿಗೆ ಹೇಳದೆ ಖಾಲಿ ಹೊಟ್ಟೆಗೆ ರಸ ಕುಡಿಯುತ್ತಿದ್ದೆ, ಮಾತ್ರೆಯೂ ನುಂಗುತ್ತಿದ್ದೆ. ಒಂದು ದಿನ ತಿಂಡಿ ಕಮ್ಮಿಯಾಯಿತು. ಹನ್ನೊಂದು ಗಂಟೆಗೆ ಮೈಯೆಲ್ಲ ಬೆವರು, ಕೈ ನಡುಕ, ಕಣ್ಣು ಕತ್ತಲೆ. ಮೀಟರ್‌ನಲ್ಲಿ 58. ಮಗಳು ಸಕ್ಕರೆ ನೀರು ಕುಡಿಸಿದಳು. ಗ್ಲಿಮಿಪಿರೈಡ್ ತಾನಾಗಿಯೇ ಶುಗರ್ ತುಂಬಾ ಇಳಿಸಬಲ್ಲದು. ಅದರ ಮೇಲೆ ರಸವನ್ನೂ ಸೇರಿಸಿದ್ದೆ. "ಏನೇ ತಗೊಂಡರೂ ನನಗೆ ಹೇಳಿ ತಗೊಳ್ಳಿ ಅಮ್ಮ" ಅಂದರು ಡಾಕ್ಟರು. ಈಗ ಹಾಗಲಕಾಯಿ ಪಲ್ಯ ಅಷ್ಟೇ, ರಸ ಇಲ್ಲ.

ಆರು ತಿಂಗಳಿಗೆ ಎಚ್‌ಬಿಎ1ಸಿ 6.9ಕ್ಕೆ ಇಳಿಯಿತು. ಗ್ಲಿಮಿಪಿರೈಡ್ ನಿಲ್ಲಿಸಿದ್ದು ಡಾಕ್ಟರೇ, ನಾನಲ್ಲ. ಮೆಟ್‌ಫಾರ್ಮಿನ್ ಈಗಲೂ ನಡೆಯುತ್ತಿದೆ. ಆ ಮಾತ್ರೆ ಬಹಳ ಕಾಲ ತಗೊಂಡರೆ ವಿಟಮಿನ್ ಬಿ12 ಇಳಿಯಬಹುದು. ಮಾಂಸ, ಮೊಟ್ಟೆ ತಿನ್ನದ ನಮ್ಮಂಥವರಿಗೆ ಮೊದಲೇ ಅದು ಕಮ್ಮಿ. ಕಾಲು ಜುಮ್ಮೆನ್ನುತ್ತಿದೆ ಎಂದಾಗ ನನಗೂ ಪರೀಕ್ಷೆ ಮಾಡಿಸಿದರು, ಕಮ್ಮಿಯೇ ಇತ್ತು. ಇನ್ನು ಕಿಡ್ನಿ ತೊಂದರೆ ಇರುವವರು ಕಾಳು, ಸೊಪ್ಪನ್ನು ಕೇಳದೆ ಹೆಚ್ಚಿಸಬೇಡಿ.

ಮದುವೆ ಮನೆಗೆ ಹೋಗಲು ಈಗ ಹೆದರಿಕೆಯಿಲ್ಲ. ಎಲೆಗೆ ಮೊದಲು ಬರುವುದೇ ಕೋಸಂಬರಿ, ಪಲ್ಯ. ಅನ್ನ ಬರುವ ಮುಂಚೆ ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತೇನೆ.