ಎಷ್ಟು ಸೀಟಿಗೆ ಬೇಯ್ತದ್ರೀ? ನಮ್ಮ ಬೇಳೆ ವೆಬ್‌ಸೈಟಿನಲ್ಲಿ ಜನ ನಿಂತಿದ್ದು ಹೀಗೆ

ಕಲಬುರಗಿಯಲ್ಲಿ ಕೂತು ತೊಗರಿ ಬೇಳೆಗೆ ವೆಬ್‌ಸೈಟ್ ಮಾಡ್ತೀನಿ ಅಂದಾಗ ನಗದವರೇ ಕಡಿಮೆ. "ಊರ ತುಂಬಾ ದಾಲ್ ಮಿಲ್ ಅದಾವ. ನಿನ್ನ ಬ್ಯಾಳಿ ಮೊಬೈಲ್‌ನ್ಯಾಗ ಯಾರು ನೋಡ್ತಾರೋ?" ಎಂದಿದ್ದರು ನಮ್ಮ ಕಾಕಾ. ಮೊದಲ ಒಂದೂವರೆ ವರ್ಷ ಅವರ ಮಾತೇ ಗೆದ್ದಿತ್ತು. ಈಗ ತಿಂಗಳಿಗೆ ಹೆಚ್ಚುಕಡಿಮೆ 300 ಪಾರ್ಸೆಲ್ ಹೋಗುತ್ತವೆ. ಹೇಗೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಡೊಮೇನ್, ಹೋಸ್ಟಿಂಗ್, ವರ್ಡ್‌ಪ್ರೆಸ್ ಎಲ್ಲ ನಿಮಗೆ ಗೊತ್ತು ಅಂದುಕೊಂಡೇ ಮುಂದೆ ಹೋಗುತ್ತೇನೆ.

ಮೊದಲ ಸೈಟನ್ನು ಬೆಂಗಳೂರಿನ ಒಂದು ಕಂಪನಿಗೆ 45 ಸಾವಿರದ ಹತ್ತಿರ ಕೊಟ್ಟು ಮಾಡಿಸಿದ್ದು. ನೋಡೋಕೆ ಚೆಂದ. ಮೇಲೆ ತಾನಾಗಿ ಸರಿಯುವ ಫೋಟೋಗಳು, ಕೆಳಗೆ "ಗುಣಮಟ್ಟವೇ ನಮ್ಮ ಧ್ಯೇಯ". ಫೋಟೋದಲ್ಲಿ ನಗುತ್ತಿದ್ದ ರೈತ ಯಾವ ದೇಶದವನೋ, ಅವನ ಕೈಯಲ್ಲಿ ಗೋಧಿ ತೆನೆ! ಜಾಹೀರಾತಿಗೆ 20 ಸಾವಿರ ಸುರಿದೆವು. ಜನ ಬಂದರು, ನಿಲ್ಲಲಿಲ್ಲ. ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನಲ್ಲಿ 10 ಸೆಕೆಂಡ್ ದಾಟಿದರೆ, ಇಲ್ಲವೇ ಎರಡು ಪುಟ ನೋಡಿದರೆ ಸಾಕು, ನಿಂತರು ಅಂತ ಲೆಕ್ಕ ಹಿಡಿಯುತ್ತದೆ ಅಲ್ವಾ? ನೂರರಲ್ಲಿ 20 ಜನ ಅಷ್ಟು ನಿಂತರೆ ಅದೇ ದೊಡ್ಡದು. ಆ ರೊಕ್ಕಕ್ಕೆ ಬಂದ ಆರ್ಡರು ಎಂಟೋ ಒಂಬತ್ತೋ. ಅದರಲ್ಲೂ ಕೆಲವು ನೆಂಟರವು.

ಆಮೇಲೆ ಮೈಕ್ರೋಸಾಫ್ಟಿನ ಕ್ಲಾರಿಟಿ ಹಾಕಿದೆ. ಜನ ಸೈಟಿನಲ್ಲಿ ಏನೇನು ಮಾಡುತ್ತಾರೆ ಅನ್ನೋದನ್ನು ಅದು ರೆಕಾರ್ಡ್ ಮಾಡಿ ತೋರಿಸುತ್ತದೆ, ಪುಕ್ಕಟೆ. ರಾತ್ರಿ ಕೂತು ರೆಕಾರ್ಡಿಂಗ್ ನೋಡುತ್ತಿದ್ದೆ. ಜನ ಸರಸರ ಕೆಳಗೆ ಇಳಿಯುತ್ತಾರೆ, ಮತ್ತೆ ಮೇಲೆ ಬರುತ್ತಾರೆ, ಬೇಳೆ ಫೋಟೋ ಒತ್ತಿ ಒತ್ತಿ ನೋಡುತ್ತಾರೆ, ಹೋಗುತ್ತಾರೆ. ಹುಡುಕುತ್ತಿದ್ದದ್ದು ರೇಟು. ಅಲ್ಲಿ ಇದ್ದದ್ದು "ದರಕ್ಕಾಗಿ ಸಂಪರ್ಕಿಸಿ". ರೇಟು ಹಾಕಿದರೆ ಬಾಜೂದವರು ಎರಡು ರೂಪಾಯಿ ಇಳಿಸುತ್ತಾರೆ ಅನ್ನೋದು ಬಜಾರದ ವಾದ. ಇಳಿಸಲಿ ಬಿಡಿ. ಎಪಿಎಂಸಿ ರೇಟು ದಿನಾ ಏರಿಳಿಯುತ್ತದೆ, ಹಾಗಾಗಿ ವಾರಕ್ಕೊಮ್ಮೆ ತಾರೀಖು ಸಮೇತ ನಮ್ಮ ರೇಟನ್ನು ಪುಟದ ತಲೆಗೇ ಹಾಕಿದೆ. ಕೊರಿಯರ್ ಖರ್ಚೂ ಅಲ್ಲೇ: ಬೆಂಗಳೂರಿಗೆ ಇಷ್ಟು, ಪುಣೆಗೆ ಇಷ್ಟು. ಮೊದಲು ಅದು ರೊಕ್ಕ ಕಟ್ಟುವ ಪುಟದಲ್ಲಿ ಕಾಣುತ್ತಿತ್ತು, ಅರ್ಧಕ್ಕರ್ಧ ಜನ ಅಲ್ಲೇ ಬಿಟ್ಟು ಹೋಗುತ್ತಿದ್ದರು.

ಆದರೆ ನಿಜವಾಗಿ ಕೆಲಸ ಮಾಡಿದ್ದು 30 ರೂಪಾಯಿಯ ಒಂದು ನೋಟ್‌ಬುಕ್. ಅದನ್ನು ಅಂಗಡಿ ಫೋನಿನ ಪಕ್ಕ ಇಟ್ಟೆ. ಗಿರಾಕಿ ಏನು ಕೇಳುತ್ತಾರೋ ಅವರ ಮಾತಿನಲ್ಲೇ ಬರಿ ಅಂತ ಹುಡುಗನಿಗೆ ಹೇಳಿದೆ. ನೋಟ್‌ಬುಕ್ಕಿನಲ್ಲಿ ಎಲ್ಲೂ ಗುಣಮಟ್ಟದ ಮಾತಿಲ್ಲ! "ಎಷ್ಟು ಸೀಟಿಗೆ ಬೇಯ್ತದ್ರೀ?" "ಎಣ್ಣಿ ಹಚ್ಚೀರೇನು?" "ಪಾಲಿಶ್ ಇಲ್ಲಂದ್ರ ಬಣ್ಣ ಹಿಂಗ್ಯಾಕ?" "ಹೊಸಾದೋ ಹಳೇದೋ?" ಒಂದೊಂದು ಪ್ರಶ್ನೆಗೆ ಒಂದೊಂದು ಪುಟ ಮಾಡಿದೆ. ಪ್ರಶ್ನೆಯೇ ತಲೆಬರಹ, ಮೊದಲ ಸಾಲಿನಲ್ಲೇ ಉತ್ತರ, ಕಥೆ ಏನಿದ್ದರೂ ಅದರ ಕೆಳಗೆ.

ಸೀಟಿ ಪುಟಕ್ಕೆ ಮನೆಯಲ್ಲೇ ಪರೀಕ್ಷೆ ಮಾಡಿದೆ. ಅದೇ ಕುಕ್ಕರ್, ಒಂದು ಲೋಟ ಬೇಳೆ, ಮೂರು ಲೋಟ ನೀರು. ಅರ್ಧ ಗಂಟೆ ನೆನೆಸಿದ್ದಕ್ಕೆ 3 ಸೀಟಿ ಸಾಕಾಯಿತು, ನೆನೆಸದ್ದಕ್ಕೆ 5. ಬೋರ್‌ವೆಲ್ ನೀರಾದರೆ ಇನ್ನೂ ಒಂದೆರಡು. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯನ್ನು ಬೇಗ ಮೆತ್ತಗಾಗಲು ಬಿಡುವುದಿಲ್ಲ. ಹಳೇ ಬೇಳೆಗೂ ಸೀಟಿ ಜಾಸ್ತಿ ಬೇಕು, ಅದನ್ನೂ ಮುಚ್ಚಿಡದೆ ಬರೆದೆ. ಪ್ರತಿ ಸಲ ಚಮಚದಲ್ಲಿ ಒತ್ತಿ ಫೋಟೋ ತೆಗೆದೆ. ಮನೆಯವರೆಲ್ಲ ಬರೀ ಬ್ಯಾಳಿ ತಿಂದು ಬೇಸತ್ತರು. ಆದರೆ ಈಗ ಆ ಪುಟದಲ್ಲಿ ಜನ ಎರಡು ನಿಮಿಷದ ಮೇಲೆ ನಿಲ್ಲುತ್ತಾರೆ. ದೊಡ್ಡ ಬ್ರ್ಯಾಂಡಿನವರ ಸೈಟಿನಲ್ಲಿ ಇಂಥದ್ದೊಂದು ಪುಟ ತೋರಿಸಿ ನೋಡೋಣ!

2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಮಾನ್ಯತೆ, ಅಂದರೆ ಇದು ಈ ನೆಲದ್ದೇ ಬೇಳೆ ಅನ್ನೋ ಸರ್ಕಾರದ ಗುರುತು, ಸಿಕ್ಕಿತಲ್ಲ, ಹಳೇ ಸೈಟಿನಲ್ಲಿ ಅದನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದರು. ಯಾರೂ ಒತ್ತಲಿಲ್ಲ. ಈಗ ಅದು "ಬೇರೆ ಊರ ಬೇಳೆಗೂ ಇದಕ್ಕೂ ಏನು ಫರಕು" ಅನ್ನೋ ಪುಟದ ನಡುವೆ, ಎರೆಹೊಲದ ಫೋಟೋ ಪಕ್ಕ ಇದೆ. ಅಲ್ಲಿ ಓದುತ್ತಾರೆ.

ವೇಗದ ವಿಷಯ ಚಿಕ್ಕದಾಗಿ ಹೇಳುತ್ತೇನೆ. 4 ಎಂಬಿ ಫೋಟೋಗಳನ್ನು ವೆಬ್‌ಪಿ ಅನ್ನೋ ಹಗುರ ಫೋಟೋ ಫಾರ್ಮ್ಯಾಟಿಗೆ ಬದಲಿಸಿ 100 ಕೆಬಿಗೆ ಇಳಿಸಿದೆ. ಕನ್ನಡಕ್ಕೆ ಬೇರೆ ಫಾಂಟ್ ಇಳಿಸುವುದು ಬಿಟ್ಟೆ, ಫೋನಿನಲ್ಲಿ ಇರುವುದೇ ಸಾಕು. ಸರಿಯುವ ಫೋಟೋಗಳನ್ನು ಕಿತ್ತು ಹಾಕಿದೆ. ಆಳಂದ ಬಸ್ಸಿನಲ್ಲಿ ಕೂತು ತೆರೆದರೆ ಮೊದಲು ಒಂಬತ್ತು ಹತ್ತು ಸೆಕೆಂಡ್ ಹಿಡಿಯುತ್ತಿತ್ತು. ಈಗ, ಒಳ್ಳೆ ವೇಗ ಅಂತ ಗೂಗಲ್ ಹೇಳುವ 2.5 ಸೆಕೆಂಡಿನ ಆಸುಪಾಸು.

ಸುಮ್ನೆ ಮಾಡಿದ ಪ್ರಯೋಗಗಳೂ ಇವೆ. ಚಾಟ್ ಪೆಟ್ಟಿಗೆ ಇಟ್ಟೆ, ಅದರಲ್ಲಿ "ಹಾಯ್" ಬಿಟ್ಟರೆ ಬೇರೇನೂ ಬರಲಿಲ್ಲ, ತೆಗೆದೆ. "ಹೋಗಬೇಡಿ, 10% ರಿಯಾಯಿತಿ" ಅಂತ ಎದ್ದು ಬರುವ ಪೆಟ್ಟಿಗೆ ಹಾಕಿದೆ. ಆರ್ಡರು ಸ್ವಲ್ಪ ಏರಿತು, ಆದರೆ ಹಳೇ ಗಿರಾಕಿಗಳು ಬೇಕಂತಲೇ ಹೊರಗೆ ಹೋಗಿ ಒಳಗೆ ಬರೋಕೆ ಶುರು ಮಾಡಿದರು! ಅದೂ ಹೋಯಿತು. ಉಳಿದಿದ್ದು ಅವ್ವನ ದನಿ. ಪುಂಡಿಪಲ್ಯಕ್ಕೆ ಬ್ಯಾಳಿ ಎಷ್ಟು, ನುಚ್ಚು ಎಷ್ಟು ಅಂತ ನಮ್ಮ ಮಾತಿನಲ್ಲೇ 40 ಸೆಕೆಂಡ್ ಹೇಳಿದ್ದಾಳೆ. ಬೆಂಗಳೂರು, ಪುಣೆಯಲ್ಲಿರುವ ನಮ್ಮ ಕಡೆಯವರು ಅದನ್ನು ವಾಟ್ಸಾಪ್‌ನಲ್ಲಿ ಹಂಚಿದ್ದೇ ಹಂಚಿದ್ದು. ಜಾಹೀರಾತಿನ 20 ಸಾವಿರ ಮಾಡದ ಕೆಲಸ ಅದು.

ಪಾರ್ಸೆಲ್ ಮುಟ್ಟಿದ ಮೇಲೆ ಗಿರಾಕಿಗೆ ಒಂದು ಮೆಸೇಜ್ ಕಳಿಸುತ್ತೇನೆ. ಯಾವ ದಿನ, ಏನಂತ ಕಳಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಬಾಜೂ ಮಿಲ್ಲಿನವರೂ ಓದುತ್ತಾರೆ. ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದೇನೆ ಅನ್ನೋದೂ ಅಷ್ಟೇ. ಸೈಟು ನೋಡಿ, ತಿಳಿದರೆ ತಿಳಿಯಲಿ. ಈ ಎರಡನೇ ಸೈಟಿಗೆ ಎಲ್ಲ ಸೇರಿ ವರ್ಷಕ್ಕೆ ಏಳೆಂಟು ಸಾವಿರ ಖರ್ಚು.

ಸದ್ಯ ಹುಳದ ಪುಟ ತಿದ್ದುತ್ತಿದ್ದೇನೆ. ಮಳೆ ಹಿಡಿದರೆ ಎಲ್ಲರದ್ದೂ ಅದೇ ಪ್ರಶ್ನೆ. ಬಿಸಿಲಿಗೆ ಒಣಗಿಸಿ ಡಬ್ಬಿಗೆ ತುಂಬಿ ಅಂತ ಬರೆದಿದ್ದೆ. "ಫ್ಲ್ಯಾಟಿನ್ಯಾಗ ಬಿಸಿಲು ಎಲ್ಲಿಂದ ತರಲ್ರೀ?" ಅಂತ ಪುಣೆಯ ಅಕ್ಕಾವ್ರೊಬ್ಬರು ಕೇಳಿದರು. ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟರೆ ಹುಳದ ಮೊಟ್ಟೆಯೂ ಸಾಯುತ್ತದೆ ಅಂತ ಸೇರಿಸಿದ್ದೇನೆ. ಅದರ ಫೋಟೋ ಇನ್ನೂ ತೆಗೆಯಬೇಕು.